ಅಧ್ಯಕ್ಷರ ಹೆಸರಿಗೊಂದು ಲಿಂ.

ಲೋಹಿತನಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಶಿಗ್ಗಾಂವಿಯ ಆ ಆಫೀಸಿನಲ್ಲಿ ಈ ಸಂಗತಿ ಲೋಹಿತನನ್ನು ಬಿಟ್ಟು ಮತ್ಯಾರಿಗೂ ಗೊತ್ತಿರಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ನಾಲ್ಕು ಊರಿನಲ್ಲಿ ನಾಲ್ಕು ಹೈಸ್ಕೂಲು ನಡೆಸುವ ಸಂಸ್ಥೆ ಅದು. ಅದರ ಕಂಪ್ಯೂಟರ್ ವಿಭಾಗಕ್ಕೆ ಈ ಮಹಾಶಯನೇ ಮುಖ್ಯಸ್ಥ. ನುಡಿ ಸಾಫ್ಟ್‌ವೇರಿನಲ್ಲಿ ಪತ್ರ ಟೈಪ್ ಮಾಡುತ್ತಿದ್ದ, ಪ್ರಿಂಟರಿನಲ್ಲಿ ಸಿಕ್ಕ ಕಾಗದ ಎಳೆದು ತೆಗೆಯುತ್ತಿದ್ದ, ಕಂಪ್ಯೂಟರ್ ಕೈಕೊಟ್ಟರೆ ಆರಿಸಿ ಮತ್ತೆ ಹಚ್ಚುತ್ತಿದ್ದ. ವಿದ್ಯೆ ಅಷ್ಟೇ, ಉಳಿದದ್ದೆಲ್ಲ ಗತ್ತು. ಬಾಗಿಲಿಗೆ 'ಚಪ್ಪಲಿ ಹೊರಗೆ ಬಿಡಿ' ಅಂತ ಬೋರ್ಡು, ಒಳಗೆ ಸದಾ ಎಸಿ, ಯಾರು ಏನು ಕೇಳಿದರೂ ಒಂದು ಉದ್ದನೆಯ ನಿಟ್ಟುಸಿರು, ಅದರ ಹಿಂದೆಯೇ "ಅದು ಸೆಕ್ಯೂರಿಟಿ ವಿಷಯ ಐತ್ರಿ" ಎನ್ನುವ ಮಾತು. ಕೇಳಿದವರು ಹೆದರಿ ಹೊರಟುಹೋಗುತ್ತಿದ್ದರು.

ವೆಬ್‌ಸೈಟ್ ಎನ್ನುವ ಮಾತು ಎದ್ದಾಗಲೆಲ್ಲ ಲೋಹಿತನೇ ಅದರ ಕತ್ತು ಹಿಚುಕಿದ್ದ. ಒಂದು ವರ್ಷ ಹ್ಯಾಕರ್‌ಗಳು ನುಗ್ಗುತ್ತಾರೆ ಅಂದ. ಮರುವರ್ಷ ಇಲಾಖೆಯ ಪರವಾನಗಿ ಬೇಕು ಅಂದ. ಆಮೇಲೆ, ಹೆಣ್ಣುಮಕ್ಕಳ ಫೋಟೋ ಹಾಕಿದರೆ ಯಾರ್ಯಾರೋ ಏನೇನೋ ಮಾಡಿಬಿಡುತ್ತಾರೆ ಅಂದ. ಆಡಳಿತ ಮಂಡಳಿಯ ಹಿರಿಯರೆಲ್ಲ ಆ ಮಾತಿಗೆ ಬೆವತು ಸುಮ್ಮನಾದರು. ಶರಣು ಅಂತ ಒಬ್ಬ ಸಹಾಯಕನಿದ್ದ. ಪಕ್ಕದಲ್ಲಿ ನಿಂತು "ಹೌದ್ರಿ, ಭಾಳ ಡೇಂಜರ್ ಐತ್ರಿ" ಅನ್ನುವುದೇ ಅವನ ಕೆಲಸ. ಇಬ್ಬರೂ ಸೇರಿ ಸಂಸ್ಥೆಯನ್ನು ಇಂಟರ್ನೆಟ್ಟಿನಿಂದ ಕಾಪಾಡಿಕೊಂಡು ಬಂದಿದ್ದರು. ಆಹಾ, ಎಂಥಾ ಕಾವಲು!

ಅಂಥ ಕೋಣೆಗೆ ಒಂದು ಬೇಸಿಗೆಯ ಮುಂಜಾನೆ ಸವಣೂರಿನ ಫರ್ಜಾನಾ ಬಂದಳು. ಸವಣೂರು ಶಾಲೆಯ ಹಳೆಯ ವಿದ್ಯಾರ್ಥಿನಿ. ಏಳನೆಯವರೆಗೆ ಉರ್ದು ಶಾಲೆ, ಹೈಸ್ಕೂಲು ಇಲ್ಲಿ, ಆಮೇಲೆ ಹಾವೇರಿಯಲ್ಲಿ ಬಿಸಿಎ. ಚಪ್ಪಲಿ ಹೊರಗೆ ಬಿಟ್ಟು, ಲ್ಯಾಪ್‌ಟಾಪ್ ಚೀಲವನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡು ಒಳಗೆ ಬಂದಳು.

"ಸರ್, ನಮ್ಮ ಸಂಸ್ಥೆಗೆ ಒಂದು ವೆಬ್‌ಸೈಟ್ ಮಾಡಿ ಕೊಡ್ತೇನ್ರಿ. ನಾಕೂ ಶಾಲಿ ಕೂಡಿಸಿ. ನನಗೇನೂ ಕೊಡೂದು ಬ್ಯಾಡ್ರಿ."

"ಪುಕ್ಕಟ ಯಾಕವ್ವ ಮಾಡ್ತಿ?" ಲೋಹಿತ ಕಣ್ಣು ಸಣ್ಣದು ಮಾಡಿ ಕೇಳಿದ.

ಕೆಲವರಿಗೆ ಯಾರ ಮುಂದೆ ಬಾಯಿ ಬಿಡಬೇಕು, ಯಾರ ಮುಂದೆ ಬಿಡಬಾರದು ಅನ್ನುವುದೇ ತಿಳಿಯುವುದಿಲ್ಲ. ಫರ್ಜಾನಾ ಅಂಥವಳು. ಎಲ್ಲ ಹೇಳಿಬಿಟ್ಟಳು. ಗಂಡನ ಕೂಡ ಹರಿದುಕೊಂಡು ತವರಿಗೆ ಬಂದಿದ್ದಳು. ಅವನು ಇನ್ನೊಂದು ಮದುವೆಯಾಗಿ ಹುಬ್ಬಳ್ಳಿ ಸೇರಿದ್ದ. ಸಣ್ಣ ಮಗಳು ಗುಲ್ನಾರ ಮಾತ್ರ ಹಾನಗಲ್ಲಿನಲ್ಲಿ ಅತ್ತೆ ಮರಿಯಮಬಿಯ ಹತ್ತಿರ ಉಳಿದಿತ್ತು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ್ದರು: ಶಾಲೆ ಶುರುವಾಗುವುದರೊಳಗೆ ಫರ್ಜಾನಾ ಒಂದು ನೆಟ್ಟಗಿನ ನೌಕರಿ ಹಿಡಿದರೆ ಕೂಸು ಅವಳದು, ಇಲ್ಲದಿದ್ದರೆ ಅಪ್ಪ ಹುಬ್ಬಳ್ಳಿಗೆ ಕರೆದೊಯ್ಯುತ್ತಾನೆ.

"ಸವಣೂರ ಶಾಲಿಗೆ ಕಂಪ್ಯೂಟರ್ ಟೀಚರ್ ಇಲ್ಲಂತ ಕೇಳೇನ್ರಿ. ಕೆಲಸ ಕೇಳೂದಕ್ಕಿಂತ ಮೊದಲ ಕೈಲಿ ಏನರ ಮಾಡಿ ತೋರಸಬೇಕಲ್ರಿ ಸರ್" ಅಂದಳು. ಮಗಳ ಹೆಸರು ಹೇಳುವಾಗ ಅವಳ ದನಿ ಒಂಚೂರು ಒಡೆಯಿತು. ಲೋಹಿತ ಅದನ್ನು ಕೇಳಿಸಿಕೊಂಡ. ಅಯ್ಯೋ ಪಾಪ ಅಂತ ಅವನಿಗೆ ಅನ್ನಿಸಲಿಲ್ಲ ಅಂತಲ್ಲ, ಅನ್ನಿಸಿತು. ಆದರೆ ಅದಕ್ಕಿಂತ ಜೋರಾಗಿ ಹೆದರಿಕೆಯಾಯಿತು.

"ಆಗೂದಿಲ್ಲವ್ವ. ಸೆಕ್ಯೂರಿಟಿ..." ಅಂತ ಅವನು ನಿಟ್ಟುಸಿರು ಎಳೆಯುವಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷ ಕರಬಸಪ್ಪನವರೇ ನಿಂತಿದ್ದರು. ಸಂಸ್ಥೆ ಕಟ್ಟಿದ ಹಿರಿಯರಲ್ಲಿ ಉಳಿದವರು ಅವರೊಬ್ಬರೇ. ಹೋದ ವರ್ಷ ಎದೆಯ ಆಪರೇಷನ್ ಆದಮೇಲೆ ಕೋಲು ಹಿಡಿದಿದ್ದರು, ಆದರೆ ಕಿವಿ ಚುರುಕು.

"ಯಾಕ ಆಗೂದಿಲ್ಲೋ ಲೋಹಿತಾ? ನನ್ನ ಮೊಮ್ಮಗಳ ಶಾಲೀದು ಫೋನಿನ್ಯಾಗ ಬರತೈತಿ, ನಮ್ಮದ್ಯಾಕ ಬರಂಗಿಲ್ಲ?" ಅಂದವರೇ ಫರ್ಜಾನಾಳ ಕಡೆ ತಿರುಗಿದರು. "ಮಾಡವ್ವ ಮಗಳ. ಚಂದ ಆತಂದ್ರ ಸವಣೂರ ಶಾಲಿಗೆ ನೀನ ಟೀಚರ. ನನ್ನ ಮಾತು."

ಫರ್ಜಾನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶರಣು ಅಭ್ಯಾಸಬಲದಿಂದ "ಹೌದ್ರಿ" ಅಂದ. ಲೋಹಿತ ಅವನನ್ನು ಸುಟ್ಟುಬಿಡುವಂತೆ ನೋಡಿದ.

ಅಧ್ಯಕ್ಷರ ಮಾತಿಗೆ ಎದುರಾಡುವ ಧೈರ್ಯ ಲೋಹಿತನಿಗೆಲ್ಲಿಂದ ಬರಬೇಕು! ಅವನು ಬೇರೆ ದಾರಿ ಹಿಡಿದ. ಇವತ್ತು ಬಾ ಅಂದ, ಬಂದರೆ ನಾಳೆ ಬಾ ಅಂದ. ಸವಣೂರಿನಿಂದ ಬಂದವಳನ್ನು ಹೊರಗಿನ ಬೆಂಚಿನ ಮೇಲೆ ಊಟದ ಹೊತ್ತಿನವರೆಗೆ ಕೂರಿಸಿ, ಒಳಗೆ ಎಸಿಯಲ್ಲಿ ಇಸ್ಪೀಟಿನ ಆಟ ಆಡಿದ. ಶಾಲೆಗಳ ಮಾಹಿತಿ ಕೇಳಿದಾಗ ಹಳೆಯ ನುಡಿ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿ ಕೊಟ್ಟ. ಅವನ್ನು ವೆಬ್‌ಸೈಟಿಗೆ ಅಂಟಿಸಿದರೆ ಕನ್ನಡವೆಲ್ಲ ಇರುವೆ ಹರಿದಾಡಿದಂತೆ ಕಾಣುತ್ತದೆ, ಅಕ್ಷರ ಅಕ್ಷರವೂ ಕೆಟ್ಟುಹೋಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅಷ್ಟು ಮಾತ್ರ ಚೆನ್ನಾಗಿ ಗೊತ್ತಿತ್ತು.

"ಕೆಟ್ರ ಏನಾತ್ರಿ ಸರ್, ಎಲ್ಲಾ ಹೊಸದಾಗಿ ಟೈಪ್ ಮಾಡ್ತೇನಿ" ಅಂದಳು ಆ ಹುಡುಗಿ. ಮಾಡಿಯೂ ಬಿಟ್ಟಳು.

ನಾಲ್ಕೂ ಊರು ತಿರುಗಿ ಫೋಟೋ ತೆಗೆದಳು. ಹಿರೇಕೆರೂರು ಶಾಲೆಗೆ ಮಾಸೂರಿನಿಂದ ಬರುವ ಹುಡುಗಿಯರು ಮದಗದ ಕೆರೆಯ ದಂಡೆಯಲ್ಲಿ ನಗುತ್ತ ನಿಂತದ್ದು, ಹಾನಗಲ್ಲಿನ ಮಕ್ಕಳು ಖೋ ಖೋ ಆಡುತ್ತ ಧೂಳೆಬ್ಬಿಸಿದ್ದು, ಎಲ್ಲ ಬಂದವು. ಹಾನಗಲ್ಲಿಗೆ ಹೋದ ದಿನ ಮಗಳನ್ನೂ ನೋಡಿಕೊಂಡು ಬಂದಿದ್ದಳು. "ಅಮ್ಮಿ, ನಾ ಯಾವಾಗ ಬರ್ಲಿ ಅಂತ ಕೇಳಿದ್ಲ್ರಿ ಸರ್. ವೆಬ್‌ಸೈಟ್ ಮುಗಿಯೂದ ತಡ ಅಂತ ಹೇಳಿ ಬಂದೇನಿ" ಅಂತ ಲೋಹಿತನ ಮುಂದೆಯೇ ಹೇಳಿಕೊಂಡು ನಕ್ಕಳು. ಆಮೇಲೆ ಫೋನಿನಲ್ಲಿ ತಾನು ಮಾಡಿದ್ದನ್ನು ತೋರಿಸಿದಳು.

ಲೋಹಿತ ನೋಡಿದ. ಬೆರಳಿಟ್ಟಲ್ಲಿ ಪುಟ ತೆರೆಯುತ್ತಿತ್ತು, ಕನ್ನಡ ಮುತ್ತಿನ ಹಾಗೆ ಕೂತಿತ್ತು. ಇಷ್ಟು ವರ್ಷ ಆಗುವುದಿಲ್ಲ ಆಗುವುದಿಲ್ಲ ಅಂತ ತಾನು ಕಟ್ಟಿದ ಗೋಡೆಯನ್ನು ಈ ಹುಡುಗಿ ಒಂದು ಬೇಸಿಗೆಯಲ್ಲಿ ಪುಕ್ಕಟೆ ಕೆಡವಿ ಹೋಗುತ್ತಾಳೆ. ನಾಳೆ ಕರಬಸಪ್ಪನವರು ಕೋಲು ಊರಿಕೊಂಡು ಬಂದು, 'ಅಲ್ಲೋ ಲೋಹಿತಾ, ಇಷ್ಟು ದಿನ ನೀ ಮಾಡಿದ್ದೇನು?' ಅಂತ ಕೇಳಿದರೆ ಏನು ಹೇಳುವುದು? ಇವಳು ಟೀಚರಾಗಿ ಬಂದರೆ ಇವತ್ತಲ್ಲ ನಾಳೆ ಈ ಕೋಣೆಗೂ ಬರುತ್ತಾಳೆ.

"ಚಲೋ ಐತಿ" ಅಂದ.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಲೋಹಿತ ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತಿದ್ದಾಗ ಫೋನು ಬಂತು.

"ಸರ್, ಫರ್ಜಾನಾ ಮಾತಾಡ್ತೇನ್ರಿ. ಒಂದು ಸಂಶಯ ಬಂದೈತ್ರಿ. ಸಂಸ್ಥೆ ಕಟ್ಟಿದ ಹಿರಿಯರ ಪುಟ ಮಾಡಾಕತ್ತೇನಿ. ಎಲ್ಲಾರ ಹೆಸರಿಗೂ ಮೊದಲ 'ಲಿಂ.' ಅಂತ ಐತ್ರಿ. ನಮ್ಮ ಅಧ್ಯಕ್ಷರ ಹೆಸರಿಗೆ ಅಷ್ಟ ಇಲ್ಲ. ಟೈಪ್ ಮಾಡೂ ಮುಂದ ಬಿಟ್ಟು ಹೋಗೈತೇನ್ರಿ? ದೊಡ್ಡವರ ಹೆಸರು, ತಪ್ಪಾಗಬಾರದು ನೋಡ್ರಿ."

ಲೋಹಿತನ ಕೈಯ ಚಮಚ ಅಲ್ಲೇ ನಿಂತಿತು. ಲಿಂಗಾಯತರ ಮನೆಗಳಲ್ಲಿ ತೀರಿಹೋದವರ ಹೆಸರಿಗೆ ಮೊದಲು ಹಾಕುವುದು ಲಿಂ. ಲಿಂಗೈಕ್ಯ ಅಂತ. ಫರ್ಜಾನಾಳ ಮನೆಯಲ್ಲಿ ಸತ್ತವರಿಗೆ ಮರ್ಹೂಮ್ ಅನ್ನುತ್ತಾರೆ, ಪೇಪರಿನಲ್ಲಿ ದಿವಂಗತ ಅಂತ ಓದಿದ್ದಳು. ಬ್ಯಾನರುಗಳ ಮೇಲೆ, ಶಾಲೆಯ ಕಲ್ಲಿನ ಮೇಲೆ, ದೊಡ್ಡ ದೊಡ್ಡ ಹೆಸರುಗಳ ಜೊತೆಗೇ ಈ ಲಿಂ. ನೋಡಿ ನೋಡಿ ಅದೊಂದು ಬಿರುದು ಅಂತ ತಿಳಿದಿದ್ದಳು. ತಿಳಿದೂ ಸುಮ್ಮನೆ ಹಾಕಿಬಿಡಲಿಲ್ಲ, ಕೇಳಿದಳು. ಕೇಳಬೇಕಾದವನನ್ನೇ ಕೇಳಿದಳು.

ಹೇಳುವುದಕ್ಕೆ ಅವನಿಗೆ ಬೇಕಾದಷ್ಟು ಪುರುಸೊತ್ತಿತ್ತು. ಬ್ಯಾಡವ್ವ, ಅದು ಸತ್ತವರಿಗೆ ಹಾಕೂದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹುಡುಗಿ ಅಯ್ಯಯ್ಯ ಅಂತ ನಾಲಿಗೆ ಕಚ್ಚಿಕೊಂಡು ನಕ್ಕು ಫೋನಿಡುತ್ತಿದ್ದಳು.

"ಹೂಂ" ಅಂದ ಲೋಹಿತ.

"ಹಾಕ್ಲೇನ್ರಿ ಹಂಗಾರ?"

"ಹೂಂ ಅಂದೆನಲ್ಲವ್ವ, ಹಾಕು. ದೊಡ್ಡ ಮನಷ್ಯಾರ ಹೆಸರು ಬೋಳು ಬೋಳು ಇರಬಾರದು."

ಅವನ ಬಾಯಲ್ಲಿ ಹುಳ ಬೀಳಲಿ! ಬೀಳಲಿಲ್ಲ. ಗಿರಮಿಟ್ಟು ಮುಗಿಸಿ, ಮೇಲೊಂದು ಮಿರ್ಚಿ ಭಜಿ ತರಿಸಿ, ಅದನ್ನೂ ತಿಂದ. ಸಂಜೆ ಅವಳು ಇಡೀ ವೆಬ್‌ಸೈಟ್ ಕಳಿಸಿ, "ಸರ್, ಒಮ್ಮೆ ಎಲ್ಲಾ ನೋಡಿ ಹೇಳ್ರಿ" ಅಂತ ಬರೆದಿದ್ದಳು. ಲೋಹಿತ ನೇರವಾಗಿ ಹಿರಿಯರ ಪುಟಕ್ಕೆ ಹೋದ. ಸಾಲಾಗಿ ಸತ್ತವರ ಫೋಟೋಗಳು, ಕೊನೆಗೆ ರುಮಾಲು ಸುತ್ತಿದ ಕರಬಸಪ್ಪನವರು, ಕೆಳಗೆ ಲಿಂ. 'ಭಾಳ ಚಂದ ಆಗೈತಿ' ಅಂತ ಉತ್ತರ ಬರೆದು, ಕೈಮುಗಿದ ಚಿತ್ರವನ್ನೂ ಒಂದು ಹಾಕಿದ.

ಮರುದಿನ ಶಿಗ್ಗಾಂವಿ ಶಾಲೆಯ ಸಭಾಭವನ ತುಂಬಿತ್ತು. ನಾಲ್ಕೂ ಶಾಲೆಯ ಮಾಸ್ತರರು, ಆಡಳಿತ ಮಂಡಳಿಯ ಹಿರಿಯರು, ಊರ ದೊಡ್ಡವರು ಬಂದಿದ್ದರು. ಮುಂದಿನ ಸಾಲಿನಲ್ಲಿ ಕರಬಸಪ್ಪನವರ ಹೆಂಡತಿ ವೀರವ್ವ ಇಳಕಲ್ಲ ಸೀರೆ ಉಟ್ಟು ಕೂತಿದ್ದರು. ಫರ್ಜಾನಾ ಹೊಸ ಚೂಡಿದಾರ ಹಾಕಿಕೊಂಡು ಲ್ಯಾಪ್‌ಟಾಪಿನ ಹತ್ತಿರ ನಿಂತಿದ್ದಳು. ಅಧ್ಯಕ್ಷರು ಗುಂಡಿ ಒತ್ತಿದರು. ಪರದೆಯ ಮೇಲೆ ಮದಗದ ಕೆರೆ ಬಂತು, ಚಪ್ಪಾಳೆ. ಖೋ ಖೋ ಬಂತು, ಇನ್ನೂ ಜೋರು ಚಪ್ಪಾಳೆ. ಹಿರೇಕೆರೂರಿನ ಮಾಸ್ತರರೊಬ್ಬರು ಎದ್ದು ನಿಂತು "ಶಬ್ಬಾಶ್" ಅಂದರು. ಲೋಹಿತ ಹಿಂದೆ ಗೋಡೆಗೆ ಒರಗಿ ನಿಂತು ತಾನೂ ಚಪ್ಪಾಳೆ ತಟ್ಟುತ್ತಿದ್ದ.

ಹಿರಿಯರ ಪುಟ ಬಂತು. ಹಿಂದೆಲ್ಲೋ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ವೀರವ್ವ ಕನ್ನಡಕ ಸರಿಮಾಡಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು: "ಲಿಂ... ಕರ... ಬಸಪ್ಪ..."

ಆಮೇಲೆ ಎದ್ದ ಚೀತ್ಕಾರಕ್ಕೆ ಹೊರಗೆ ಆಡುತ್ತಿದ್ದ ಮಕ್ಕಳು ಕಿಟಕಿಗೆ ಬಂದು ನಿಂತರು. "ಅಯ್ಯಯ್ಯೋ! ಜೀವಂತ ಮನಷ್ಯಾಗ ಲಿಂ. ಹಚ್ಚೀರಲ್ರೋ! ಸಾವಿನ ಬಾಯಿಂದ ಎಳಕೊಂಡು ಬಂದೇನಿ ಅವ್ರನ್ನ! ಯಾರದು ಬರದಾಕಿ? ನಿನ್ನ ಕೈ ಸೇದಿ ಹೋಗ್ಲಿ!" ಅಂತ ವೀರವ್ವ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತರು. ಕರಬಸಪ್ಪನವರ ಕೈ ತಾನೇ ತಾನಾಗಿ ಎದೆಯ ಮೇಲಿನ ಹೊಲಿಗೆಯ ಕಡೆ ಹೋಗಿತ್ತು.

ಫರ್ಜಾನಾ ಇನ್ನೂ ಅರ್ಧ ನಗುತ್ತಲೇ ಇದ್ದಳು. "ಏನಾತ್ರಿ? ಏನು ತಪ್ಪಾತ್ರಿ?" ಅಂತ ಅವರಿವರ ಮುಖ ನೋಡಿದಳು. ಹಾನಗಲ್ಲಿನ ಮಾಸ್ತರರೊಬ್ಬರು ಮೆಲ್ಲಗೆ ಹೇಳಿದರು: "ಲಿಂ. ಅಂದ್ರ ತೀರಿಕೊಂಡವರವ್ವ."

ಅವಳು ಮೊದಲು ಮಾಡಿದ ಕೆಲಸ, ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಅದನ್ನು ಅಳಿಸಿದ್ದು. ಆಮೇಲೆ ತಲೆಯೆತ್ತಿ ಗೋಡೆಯ ಹತ್ತಿರ ನಿಂತವನನ್ನು ಹುಡುಕಿದಳು.

"ಸರ್, ನಾ ನಿಮ್ಮನ್ನ ಕೇಳಿದ್ನೆಲ್ರಿ ಸರ್. ಹಾಕು ಅಂದ್ರೆಲ್ರಿ."

ಇಡೀ ಸಭೆ ಹಿಂದೆ ತಿರುಗಿತು. ಇದು ಬರುತ್ತದೆ ಅಂತ ಲೋಹಿತನಿಗೆ ಗೊತ್ತಿತ್ತು, ತಯಾರಿದ್ದ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡ.

"ಯವ್ವಾ, ಗಾಬರಿಯೊಳಗ ಹಂಗೆಲ್ಲಾ ಅನ್ನಬಾರದು. ನಮ್ಮಪ್ಪನ ಹೆಸರಿಗೆ ಲಿಂ. ಹಚ್ಚಿ ಇನ್ನಾ ವರ್ಷ ತುಂಬಿಲ್ಲ. ಅದರ ಅರ್ಥ ಏನಂತ ನನಗ ಗೊತ್ತಿಲ್ಲೇನು? ಗೊತ್ತಿದ್ದೂ ನಮ್ಮ ಅಧ್ಯಕ್ಷರ ಹೆಸರಿಗೆ ಹಾಕು ಅಂತೇನೇನು?"

ಯಾರು ನಂಬುವುದಿಲ್ಲ ಹೇಳಿ! ಅಪ್ಪನ ಸಾವನ್ನು ತಂದು ಮುಂದಿಟ್ಟ ಮೇಲೆ ಎದುರು ಮಾತಾಡುವವರು ಯಾರು? ಮುಂದಿನ ಸಾಲಿನವರು ಚ್ಚು ಚ್ಚು ಅಂದರು, ಲೋಹಿತನ ಸಲುವಾಗಿ. ಈ ಮನುಷ್ಯ ಯಾಕೆ ಹೀಗೆ ಮಾಡಿದ ಅನ್ನುವುದೇ ಫರ್ಜಾನಾಳಿಗೆ ಹೊಳೆಯುತ್ತಿರಲಿಲ್ಲ. ಹಾಗೆ ನೋಡಿದರೆ ಅವಳು ಅವನಿಗೆ ಮಾಡಿದ್ದಾದರೂ ಏನು?

ಕರಬಸಪ್ಪನವರು ಬೈಯುತ್ತಾರೆ, ಕೋಲು ಎತ್ತುತ್ತಾರೆ, ಹೊರಗೆ ಹಾಕು ಅನ್ನುತ್ತಾರೆ ಅಂತ ಲೋಹಿತ ಕಾಯುತ್ತಿದ್ದ. ಅವರು ನಕ್ಕರು. ಮೈಕು ತೆಗೆದುಕೊಂಡು, "ನಾ ಹೋದೆ ಅಂತ ಎಷ್ಟು ಮಂದಿಗೆ ಖುಷಿ ಆತು, ಕೈ ಎತ್ರಿ ನೋಡೂಣು" ಅಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಲೋಹಿತ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಎಲ್ಲ ಮಾಡಿಯೂ ಮುದುಕ ಇವಳನ್ನು ಉಳಿಸಿಬಿಡುತ್ತಾನಲ್ಲಪ್ಪ!

"ಹುಡುಗಿದೇನೂ ತಪ್ಪಿಲ್ಲ. ನಮ್ಮ ಪದ್ಧತಿ ಆಕಿಗೆ ಹ್ಯಾಂಗ ಗೊತ್ತಾಗಬೇಕು?" ಅಂತ ಅಧ್ಯಕ್ಷರು ಅವಳನ್ನು ಹತ್ತಿರ ಕರೆದು ಶಾಲು ಹೊದಿಸಿದರು. ಹಣ್ಣಿನ ತಟ್ಟೆ ಹಿಡಿದು ನಿಂತವನು ಲೋಹಿತನೇ. ಅವಳ ತಲೆಯ ಮೇಲೆ ಕೈಯಿಟ್ಟು, ಮೈಕು ಬದಿಗಿಟ್ಟು, ಕರಬಸಪ್ಪನವರು ನಿಜವಾದ ಅಕ್ಕರೆಯಿಂದಲೇ ಹೇಳಿದರು: "ಭಾಳ ಚಂದ ಮಾಡೀಯವ್ವ. ಆದ್ರ ಆ ಟೀಚರ ಕೆಲಸದ ಮಾತು ಬಿಟ್ಟುಬಿಡು. ಅದು ಬ್ಯಾರೆ. ಮಕ್ಕಳಿಗೆ ಕಲಸಾಕ ನಮ್ಮ ರೀತಿ ರಿವಾಜು ಗೊತ್ತಿದ್ದವರು ಬೇಕಾಗ್ತಾರ. ವೀರವ್ವಗೂ ಸಮಾಧಾನ ಆಗಬೇಕಲ್ಲ. ನೀ ಹೊರಗಿಂದ ಇಂಥಾ ಕೆಲಸ ಮಾಡಿಕೋತ ಇರು."

ಹೊರಗಿಂದ! ಅವಳ ಅಜ್ಜನ ಅಜ್ಜ ಸವಣೂರಿನ ಎಲೆತೋಟದಲ್ಲಿ ಬಳ್ಳಿ ಕಟ್ಟಿದವನು. ಅವಳು ಓದಿದ್ದು ಇವರದೇ ಶಾಲೆಯಲ್ಲಿ, ಅಳುವುದು ಕೂಡ ಈ ಸೀಮೆಯ ಕನ್ನಡದಲ್ಲಿ. ಕ್ಷಮಿಸಿದೆ ಅಂತ ಹೇಳಿಯೇ ಬಾಗಿಲು ಹಾಕಿಬಿಟ್ಟರಲ್ಲ, ಇದಕ್ಕೆ ಏನನ್ನಬೇಕು? ಬೈದಿದ್ದರೆ ಅವಳೂ ಜಗಳ ಮಾಡುತ್ತಿದ್ದಳೇನೋ. ಶಾಲು ಹೊದ್ದವಳು ಹೇಗೆ ಜಗಳ ಮಾಡುತ್ತಾಳೆ? "ಅಧ್ಯಕ್ಷರ, ನನ್ನ ಮಗಳು..." ಅಂತ ಶುರುಮಾಡಿದಳು. ಅಷ್ಟರಲ್ಲಿ ಫೋಟೋದವನು ಬಂದು "ಸ್ವಲ್ಪ ನಗ್ರಿ ಮೇಡಂ" ಅಂದ.

ಹೊರಗೆ ಗೇಟಿನ ಹತ್ತಿರ ಅವಳು ಲೋಹಿತನಿಗಾಗಿ ಕಾದಿದ್ದಳು. ಪಾಸ್‌ವರ್ಡು ಬರೆದ ಚೀಟಿ ಕೊಟ್ಟಳು.

"ಯಾಕ್ರಿ ಸರ್?" ಅಂತಷ್ಟೇ ಕೇಳಿದಳು.

"ಬಸ್ಸಿನ ಹೊತ್ತಾತು ನೋಡವ್ವ" ಅಂದ ಲೋಹಿತ. ಚೀಟಿ ಜೇಬಿಗೆ ಇಳಿಸಿ ಊಟದ ಪಂಕ್ತಿಗೆ ಹೋದ. ಗೋಧಿ ಹುಗ್ಗಿ ಇತ್ತು, ಎರಡು ಸಲ ಹಾಕಿಸಿಕೊಂಡ.

ಅದಾದ ಮೇಲೆ ಅವನ ದಿನಗಳು ಸುಖವಾಗಿ ನಡೆದವು. ವೆಬ್‌ಸೈಟ್ ನೋಡಿದವರೆಲ್ಲ ಲೋಹಿತನನ್ನೇ ಹೊಗಳುತ್ತಿದ್ದರು, ಅವನು ಬೇಡ ಅನ್ನುತ್ತಿರಲಿಲ್ಲ. ಒಂದು ಮುಂಜಾನೆ ಆಫೀಸಿನ ಫೋನು ಹೊಡೆದುಕೊಂಡಿತು. ಆ ಕಡೆ ಒಬ್ಬ ಮುದುಕಿಯ ದನಿ.

"ಸಾಹೇಬ್ರ, ನಾ ಹಾನಗಲ್ಲಿಂದ ಮರಿಯಮಬಿ ರೀ. ಫರ್ಜಾನಾನ ಅತ್ತಿ. ಬಾಜೂ ಮನಿಯವರು ಫೋನಿನ್ಯಾಗ ನಿಮ್ಮ ಶಾಲೀದು ತೋರಿಸಿದ್ರು. ತಳಕ ಸಣ್ಣ ಅಕ್ಷರದಾಗ ನಮ್ಮ ಫರ್ಜಾನಾನ ಹೆಸರೈತಿ ಅಂದ್ರು. ಭಾಳ ಖುಷಿ ಆತ್ರಿ. ಈ ನಂಬರೂ ಅದರಾಗ ಸಿಕ್ತು. ಆಕಿ ಫೋನ್ ಎತ್ತವಲ್ಲಳು. ಆಕಿಗೆ ನಿಮ್ಮ ಶಾಲ್ಯಾಗ ನೌಕರಿ ಆಗೈತಲ್ರಿ?"

ಲೋಹಿತ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಾಳೆ ನನ್ನ ಮಗ ಬರ್ತಾನ್ರಿ, ಕೂಸಿನ್ನ ಹುಬ್ಬಳ್ಳಿಗೆ ಒಯ್ಯಾಕ. ನನಗ ಮೊಣಕಾಲು ಬ್ಯಾನಿ, ನನ್ನ ಕೈಲೇ ನೋಡಿಕೊಳ್ಳಾಕ ಆಗವಲ್ದು. ಆದ್ರ ಅದು ತಾಯಿ ಕಡೆ ಹೋಗ್ಲಿ ಅಂತ ನನ್ನ ಜೀವ ಅಂತೈತ್ರಿ. ಹುಬ್ಬಳ್ಳ್ಯಾಗ ಅದನ್ನ ಯಾರು ನೋಡ್ತಾರ್ರಿ? ನೌಕರಿ ಆಗೈತಿ ಅಂತ ನೀವೊಂದು ಮಾತು ಅಂದ್ರ ಸಾಕು. ಮಗನ ಮುಂದ ನಾ ಹೇಳ್ತೇನಿ. ಅವ ನನ್ನ ಮಾತು ಮೀರಂಗಿಲ್ಲ, ಮತ್ತ ಯಾರನ್ನೂ ಕೇಳಂಗಿಲ್ಲ."

ಹಿಂದಿನಿಂದ ಒಂದು ಸಣ್ಣ ದನಿ "ದಾದಿ, ಅಮ್ಮಿ ಏನು? ಅಮ್ಮಿ ಏನು?" ಅಂತ ಅಜ್ಜಿಯನ್ನು ಒಂದೇ ಸಮನೆ ಕೇಳುತ್ತಿತ್ತು. ಶರಣು ಕೂಡ ತಲೆಯೆತ್ತಿ ನೋಡಿದ.

ಲೋಹಿತ ಕುರ್ಚಿಯಲ್ಲಿ ನೆಟ್ಟಗೆ ಕೂತ. ಆ ಹೊತ್ತಿಗೆ ಅವನಿಗೆ ಸತ್ಯ ನೆನಪಾಯಿತು, ಜವಾಬ್ದಾರಿ ನೆನಪಾಯಿತು, ಸಂಸ್ಥೆಯ ಹೆಸರು ನೆನಪಾಯಿತು.

"ಇಲ್ರಿ ಅಮ್ಮಾರ. ಆಕಿಗೆ ನಮ್ಮಲ್ಲಿ ಯಾವ ನೌಕರೀನೂ ಇಲ್ಲ. ಇನ್ನ ಮುಂದನೂ ಆಗೂದಿಲ್ಲ. ಇದು ಆಫೀಸು ನೋಡ್ರಿ, ಸುಳ್ಳು ಹೇಳಾಕ ಬರಂಗಿಲ್ಲ."

ಆ ಕಡೆ ಕೂಸಿನ ದನಿ ನಿಂತಿತು. ಮುದುಕಿ, ಅವನಿಗೋ ತನಗೋ ಅನ್ನುವ ಹಾಗೆ, "ಸವಣೂರಿಗೆ ಅಂತ ಅದರ ಬಟ್ಟಿ ಎಲ್ಲಾ ಕಟ್ಟಿ ಇಟ್ಟಿದ್ನೆಲ್ರಿ..." ಅಂದಳು.

"ಕಟ್ಟಿದ್ದು ಹಂಗ ಇರಲಿ ಬಿಡ್ರಿ," ಅಂದ ಲೋಹಿತ, "ಹುಬ್ಬಳ್ಳಿಗೆ ಬೇಕಾಗ್ತಾವಲ್ಲ."